ಮೇಜು ಬಡಿದ ಕೈಗಳು

ನಾನು ಒಂದು ಮೇಜು. ದಾಂಡೇಲಿಯ ಸಾಗುವಾನಿ. ಹೊರಗೆ ಮಾಡಿದ್ದರೆ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲವೆಂದು ವಿಶ್ವವಿದ್ಯಾಲಯದ ಸಭಾಂಗಣದೊಳಗೇ ನನ್ನನ್ನು ಜೋಡಿಸಿದರು. ಕೆಲಸ ಮುಗಿದ ದಿನ ಮೌನೇಶಪ್ಪ ಬಡಿಗೇರ ಅಂಗೈಯಿಂದ ಒಮ್ಮೆ ಬಡಿದು ನೋಡಿದ. ಸದ್ದು ಗಟ್ಟಿಯಾಗಿ ಬಂತು. ಅವನಿಗೆ ಸಮಾಧಾನವಾಯಿತು. ಆ ಸದ್ದೇ ನನ್ನ ಕೆಲಸವಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ.

ನನ್ನ ಸುತ್ತ ಕೂರುತ್ತಿದ್ದುದು ವಿದ್ಯಾವಿಷಯಕ ಪರಿಷತ್ತು. ಯಾವ ಕೋರ್ಸು ಇರಬೇಕು, ಯಾವುದು ಹೋಗಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ವಿಷಯ ಮಂಡಿಸುವವರು ಅಕಾಡೆಮಿಕ್ ಡೀನ್. ಕುಲಪತಿಗಳನ್ನು ಬಿಟ್ಟರೆ ಪಾಠದ ವಿಷಯದಲ್ಲಿ ಅವರೇ ದೊಡ್ಡವರು. ಒಪ್ಪಿಗೆಗೆ ಕೈ ಎತ್ತುವ ಪದ್ಧತಿ ಇರಲಿಲ್ಲ. ಡೀನ್ ಓದುತ್ತಾರೆ, ಸದಸ್ಯರು ನನ್ನನ್ನು ಬಡಿಯುತ್ತಾರೆ, ಪಾಸಾಯಿತು. ಓದಿದ್ದಷ್ಟೇ ಪಾಸು. ಓದದೆ ಉಳಿದದ್ದು ಉಳಿದೇ ಹೋಗುತ್ತಿತ್ತು.

ಮೊದಲ ಡೀನ್ ಗುಳೇದ ಸಾಹೇಬರು ಓದುವಾಗ ಎಡಗೈ ಎತ್ತಿ ಹಿಡಿಯುತ್ತಿದ್ದರು. ಆ ಕೈ ಇಳಿಯುವ ತನಕ ಯಾರೂ ಬಡಿಯುವಂತಿಲ್ಲ. ಸಭೆ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು, ಸದಸ್ಯರ ಮೂಗು ಅತ್ತ ತಿರುಗುತ್ತಿತ್ತು. “ತಡೀರಿ, ಭಜಿ ಎಲ್ಲಿ ಓಡಿ ಹೋಗತಾವ?” ಎನ್ನುತ್ತಿದ್ದರು. ದಿನವಿಡೀ ದುಡಿಯುವವರಿಗಾಗಿ ಸಂಜೆಯ ಬಿ.ಎ. ತರಗತಿ ಶುರುವಾದದ್ದು ಅವರ ಕಾಲದಲ್ಲಿ. ಅಲ್ಲಿ ಅರ್ಥಶಾಸ್ತ್ರ ಕಲಿಸಲು ಬಂದ ಹೊಸ ಉಪನ್ಯಾಸಕಿ ನಿರ್ಮಲಾ ಹುರಕಡ್ಲಿ ಒಮ್ಮೆ ನನ್ನ ಅಂಚಿಗೆ ನಿಂತು, ಡೀನ್ ಅಂದರೆ ಏನು ಕೆಲಸ ಎಂದು ಅವರನ್ನು ಕೇಳಿದರು.

“ಯಾವುದು ಮೊದಲು, ಯಾವುದು ಆಮ್ಯಾಲೆ ಅಂತ ಹೇಳೂದು. ಆಮ್ಯಾಲೆ ಅಂದದ್ದು ಬರೂದ ಇಲ್ಲ, ಅದನ್ನ ನೆನಪಿಟ್ಟು ಹೇಳಬೇಕವ್ವಾ.”

ಅವರ ನಂತರದ ಡೀನ್‌ಗೆ ಕಟ್ಟಡಗಳ ಹುಚ್ಚು. ನನ್ನ ಮೇಲೆ ನಕ್ಷೆಗಳು ಹರಡಿದವು. ಎತ್ತಿದ ಎಡಗೈ ಹೋಯಿತು. ಓದು ಮುಗಿಯುವ ಮೊದಲೇ ಬಡಿಯುವುದು ರೂಢಿಯಾಯಿತು. ಯಾರಿಗೂ ತೊಂದರೆ ಕಾಣಲಿಲ್ಲ, ಸಭೆ ಬೇಗ ಮುಗಿಯುತ್ತಿತ್ತು.

ಆಮೇಲೆ ನಿರ್ಮಲಾ ಅವರೇ ಡೀನ್ ಆದರು. ಅವರ ಕೋಣೆ ಚಿಕ್ಕದು. ಕಡತಗಳನ್ನು ತಂದು ನನ್ನ ಮೇಲೇ ಹರಡಿಕೊಂಡು ಕೆಲಸ ಮಾಡುತ್ತಿದ್ದರು. ಅವರ ನೀರಿನ ಬಾಟಲಿ ನನ್ನ ಮೇಲೆ ಬಿಳಿ ಉಂಗುರ ಬಿಟ್ಟಿದೆ. ಅಲ್ಲಿಂದಲೇ ಅವರು ಕಸ್ತೂರಿ ತಳವಾರಳಿಗೆ ಫೋನು ಮಾಡಿದ್ದು. ಕಸ್ತೂರಿ ಜಿಲ್ಲಾ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆಗೆಂದು ಸಂಜೆ ತರಗತಿ ಬಿಟ್ಟವಳು ತಿರುಗಿ ಬಂದಿರಲಿಲ್ಲ. ಬಾ, ಮುಗಿಸೋಣ, ನಾನಿದ್ದೇನೆ ಎಂದು ನಿರ್ಮಲಾ ಮತ್ತೆ ಮತ್ತೆ ಹೇಳಿ ಕರೆಸಿಕೊಂಡರು.

ಆ ವರ್ಷ ವಿಶ್ವವಿದ್ಯಾಲಯಕ್ಕೆ ಗ್ರೇಡು ಕೊಡುವ ತಂಡ ಬರುವುದಿತ್ತು. ಡ್ಯೂಟಿ ಮುಗಿಸಿ ಬಂದು ಬೆಂಚಿನ ಮೇಲೆ ತೂಕಡಿಸುವವರ ಫಲಿತಾಂಶ ಹೇಗಿರುತ್ತದೆ? ಸಂಜೆ ತರಗತಿ ಇಡೀ ಸರಾಸರಿಯನ್ನು ಕೆಳಗೆ ಎಳೆಯುತ್ತಿತ್ತು. ತಂಡ ಬರುವುದರೊಳಗೆ ಮುಚ್ಚಿಬಿಡಿ ಎಂದರು ಕುಲಪತಿಗಳು. ಈಗ ಓದುತ್ತಿರುವವರು ಮುಗಿಸಲಿ ಎಂದು ನಿರ್ಮಲಾ ವಾದಿಸಿದರು. ಹಾಗೇ ಬರೆದುಕೊಂಡು ಬನ್ನಿ ಎಂದರು ಕುಲಪತಿಗಳು.

ನಿರ್ಮಲಾ ಎರಡು ವಾಕ್ಯ ಬರೆದರು. ಮೊದಲನೆಯದು, ಸಂಜೆ ತರಗತಿ ನಿಲ್ಲಿಸಬೇಕು. ಎರಡನೆಯದು, ಈಗಾಗಲೇ ಸೇರಿದವರಿಗೆ ಕೊನೆಯ ವರ್ಷದ ತನಕ ಪಾಠ ನಡೆಯಬೇಕು. ಚರ್ಚೆ ಬೇಡವೆಂದು ಆ ವಿಷಯವನ್ನು ಸಭೆಯ ಕೊನೆಗೆ ಇಟ್ಟವರೂ ಅವರೇ.

ಕೊನೆಗೆ ಬರುವಷ್ಟರಲ್ಲಿ ಭಜಿಯ ವಾಸನೆ ಒಳಗೆ ಬಂದಿತ್ತು. ಅವರು ಮೊದಲ ವಾಕ್ಯ ಓದಿದರು. ಉಸಿರು ತೆಗೆದುಕೊಳ್ಳಲು ನಿಂತರು. ನನ್ನ ಮೇಲೆ ಕೈಗಳು ಬಿದ್ದವು. ಕುರ್ಚಿಗಳು ಹಿಂದೆ ಸರಿದವು. ಎರಡನೆಯ ವಾಕ್ಯದ ಮೇಲೆ ಅವರ ಹೆಬ್ಬೆರಳು ಹಾಗೇ ಇತ್ತು. ತಡೀರಿ ಎಂದಿದ್ದರೆ ಎಲ್ಲರೂ ಮತ್ತೆ ಕೂರುತ್ತಿದ್ದರು. ಕೂತರೆ ಪ್ರಶ್ನೆ ಏಳುತ್ತಿತ್ತು, ಇಡೀ ವಿಷಯವೇ ಬಿದ್ದುಹೋಗಬಹುದಿತ್ತು, ಕುಲಪತಿಗಳು ನೋಡುತ್ತಿದ್ದರು. ಎಲ್ಲ ಸದ್ದು ನಿಂತ ಮೇಲೆ ಇನ್ನೊಂದು ಅಂಗೈ ನನ್ನ ಮೇಲೆ ಮೆಲ್ಲಗೆ ಬಿತ್ತು. ಅದು ನಿರ್ಮಲಾ ಅವರದು.

ಕಾಗದದಲ್ಲಿ ಇದೆಯಲ್ಲ, ಆಮೇಲೆ ಸರಿಪಡಿಸಿದರಾಯಿತು ಎಂದುಕೊಂಡಿದ್ದರು. ನಡಾವಳಿ ಬರೆಯುವ ಕುಲಸಚಿವರು ಒಪ್ಪಲಿಲ್ಲ. “ಓದಲಾರದ್ದನ್ನ ನಾ ಹ್ಯಾಂಗ ಬರೀಲಿ ಮೇಡಂ? ಮುಂದಿನ ಸಭಾಕ್ಕ ತರ್ರಿ.” ಮುಂದಿನ ಸಭೆ ಇದ್ದದ್ದು ಗ್ರೇಡು ತಂಡ ಬಂದು ಹೋದ ಮೇಲೆ. ಅಷ್ಟರಲ್ಲಿ ಹೊಸ ವರ್ಷದ ಪಾಠ ಶುರುವಾಗಬೇಕಿತ್ತು, ಆಗಲಿಲ್ಲ. ಸಂಜೆಯ ಕೋಣೆಗಳಿಗೆ ಬೀಗ ಬಿತ್ತು.

ಕಸ್ತೂರಿ ಡ್ಯೂಟಿಯ ಸೀರೆಯಲ್ಲೇ ಬಂದಳು. ಕೂರು ಎಂದರೂ ಕೂರಲಿಲ್ಲ.

“ಒಂದ ವರ್ಸ ಉಳದಿತ್ರಿ ಮೇಡಂ. ನೀವ ಬಾ ಅಂದ್ರಿ, ಬಂದೆ.”

“ಕಾಗದದಾಗ ಬರದಿದ್ದೆ ಕಸ್ತೂರಿ. ಓದೂಕಿಂತ ಮೊದಲ ಬಡದಬಿಟ್ರು.”

“ನೀವ?”

ನಿರ್ಮಲಾ ನನ್ನ ಮೇಲಿದ್ದ ಬಾಟಲಿಯನ್ನು ಸರಿಸಿ, ಮತ್ತೆ ಅದೇ ಉಂಗುರದ ಮೇಲೆ ಇಟ್ಟರು. ಕಸ್ತೂರಿ “ಬರತೇನ್ರಿ” ಎಂದು ಹೋದಳು. ಮತ್ತೆ ಬರಲಿಲ್ಲ.

ಮುಂದಿನ ಸಭೆಯಲ್ಲಿ ನಿರ್ಮಲಾ ಆ ಎರಡನೆಯ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಓದಿದರು, ಎಡಗೈ ಎತ್ತಿ ಹಿಡಿದು. ಕೈ ಇಳಿಸಿದರು. ಯಾರೂ ಬಡಿಯಲಿಲ್ಲ. ಒಳ್ಳೆಯ ಗ್ರೇಡು ಬಂದಿದೆ, ಈಗ ಯಾಕೆ ಇದೆಲ್ಲ ಎಂದರು ಕುಲಪತಿಗಳು. ನಿರ್ಮಲಾ ಒಬ್ಬರೇ ಬಡಿದರು, ಬಲವಾಗಿ. ಅಷ್ಟು ಉದ್ದದ ಮೇಜಿಗೆ ಒಂದೇ ಕೈ. ಏನೋ ಬಿದ್ದಿತೆಂದು ಯಾರೋ ಕೆಳಗೆ ಬಗ್ಗಿ ನೋಡಿದರು.

ಅದೇ ವಾರ ಅವರು ಡೀನ್ ಹುದ್ದೆ ಬಿಟ್ಟು ತರಗತಿಗೆ ಮರಳಿದರು. ಅದರಿಂದ ಕಸ್ತೂರಿಗೆ ಏನೂ ಆಗಲಿಲ್ಲ.

ಈಗ ಸಭಾಂಗಣದಲ್ಲಿ ಗಾಜಿನ ಮೇಜು, ಪ್ರತಿಯೊಬ್ಬರಿಗೂ ಒಂದೊಂದು ಮೈಕು. ನನ್ನನ್ನು ಎರಡು ತುಂಡು ಮಾಡಿಯೇ ಬಾಗಿಲು ದಾಟಿಸಿದರು. ಉಗ್ರಾಣದಲ್ಲಿ ನನ್ನ ಒಂದು ತುಂಡಿನ ಮೇಲೆ ಮುರಿದ ಫ್ಯಾನುಗಳಿವೆ. ಇನ್ನೊಂದರ ಮೇಲೆ ಉಂಗುರವಿದೆ.

ನಿವೃತ್ತಿಯ ದಿನ ನಿರ್ಮಲಾ ಇಲ್ಲಿಗೂ ಬಂದರು. ಬಾಕಿ ಏನೂ ಇಲ್ಲವೆಂದು ಎಲ್ಲ ವಿಭಾಗಗಳಂತೆ ಉಗ್ರಾಣದವನ ರುಜುವೂ ಬೇಕು. “ನಿಮ್ಮ ಹೆಸರಿನಾಗ ಏನೂ ಇಲ್ರಿ ಮೇಡಂ” ಎಂದು ಅವನು ರುಜು ಹಾಕಿಕೊಟ್ಟ. ಅವರು ಹೋಗಲಿಲ್ಲ. ನನ್ನ ಹತ್ತಿರ ಬಂದು ಉಂಗುರದ ಪಕ್ಕ ಕೈ ಎತ್ತಿದರು. ಬಡಿದಿದ್ದರೆ ನಾನು ಸದ್ದು ಮಾಡಲೇಬೇಕಾಗಿತ್ತು. ಕೈಗೆ ತನ್ನದೇ ಸದ್ದಿಲ್ಲ. ಸಂಜೆ ತರಗತಿಯನ್ನು ಅಂದು ಮುಚ್ಚಿದ ಸದ್ದೂ ನನ್ನದೇ.

ಆ ಕೈ ಬಹಳ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು.