ಮುಟ್ಟಿದರೆ ಮೀನು ಅವನದಲ್ಲ

ನನ್ನ ಗಂಡ ಅಲ್ಬಾನೋನ ಮುಖದ ಬಲಭಾಗ ಜಾರಿದ್ದನ್ನು ಮೊದಲು ನೋಡಿದವಳು ನಾನು. ನನ್ನ ಸುತ್ತ ದೋಣಿಯಲ್ಲಿ ಇಪ್ಪತ್ತು ಜನ ಗಂಡಸರಿದ್ದರು. ಅಷ್ಟೂ ಜನ ನೋಡುತ್ತಿದ್ದದ್ದು ನೀರನ್ನು.

ಸ್ಯಾನ್ ಡಿಯಾಗೋದ ನಮ್ಮ ಧಕ್ಕೆಯಲ್ಲಿ ಒಂದು ಮರದ ಹಲಗೆ ಇದೆ. ಮುನ್ನೂರು ಪೌಂಡ್ ಮೀರಿದ ಟ್ಯೂನಾ ಹಿಡಿದವರ ಹೆಸರನ್ನು ಅದರಲ್ಲಿ ಕೆತ್ತುತ್ತಾರೆ. ಆದರೆ ಮೀನು ಕಚ್ಚಿದ ಗಳಿಗೆಯಿಂದ ದೋಣಿಗೆ ಬರುವವರೆಗೆ ಗಾಳದ ಕೋಲಿಗೆ ಇನ್ನೊಬ್ಬರ ಬೆರಳೂ ತಾಗಿರಬಾರದು. ತಾಗಿದರೆ ಮುಗಿಯಿತು, ಮೀನು ಅವನದಲ್ಲ. ನನ್ನ ಮೈದುನ ಸಿಲ್ವೀನೋನ ಹೆಸರು ಆ ಹಲಗೆಯ ಮೇಲಿದೆ. ಇಡೀ ಜನ್ಮ ಕಡಲಲ್ಲೇ ಕಳೆದ ನನ್ನ ಗಂಡನ ಹೆಸರಿಲ್ಲ. ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಕೂತಾಗಲೆಲ್ಲ ಸಿಲ್ವೀನೋನದು ಒಂದೇ ರಾಗ.

"ಅತ್ತಿಗೆ, ಅಣ್ಣಂಗೆ ಸಣ್ಣ ತುಂಡು ಹಾಕು. ದೊಡ್ಡದು ಅವನ ಕೈಲಿ ಎಳೆಯಕ್ಕಾಗಲ್ಲ."

ಹೋದ ವರ್ಷ ಅಲ್ಬಾನೋ ದೊಡ್ಡದನ್ನೇ ಎಳೆದಿದ್ದ. ಮೀನು ದೋಣಿಯ ಪಕ್ಕಕ್ಕೇ ಬಂದಿತ್ತು. ಅಷ್ಟರಲ್ಲಿ ದೋಣಿ ಹೊಯ್ದಾಡಿ ಕೋಲು ಜಾರಿತು. ಪಕ್ಕದಲ್ಲಿದ್ದ ಪುಣ್ಯಾತ್ಮನೊಬ್ಬ ಕಣ್ಣು ಮಿಟುಕಿಸುವಷ್ಟು ಹೊತ್ತು ಅದನ್ನು ಹಿಡಿದುಬಿಟ್ಟ. ತೂಕ ಮುನ್ನೂರ ಹದಿನೆಂಟು ಬಂತು, ಹೆಸರು ಮಾತ್ರ ಬರಲಿಲ್ಲ.  ಕೋಲು ಹಿಡಿದ ಆ ಮನುಷ್ಯನಿಗೆ ಕ್ರಿಸ್ಮಸ್‌ಗೆ ಒಂದು ಶುಭಾಶಯ ಕಳಿಸಲೂ ಅಲ್ಬಾನೋ ನನ್ನನ್ನು ಬಿಡಲಿಲ್ಲ.

ಈ ಸಲ ದೋಣಿ ಧಕ್ಕೆ ಬಿಡುವ ಮೊದಲೇ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದ: "ಕಿವಿ ತೆರೆದು ಕೇಳಿ. ನಾನು ಸತ್ತು ಬಿದ್ರೂ ನನ್ನ ಕೋಲು ಯಾರೂ ಮುಟ್ಟಕೂಡದು."

ಸಿಲ್ವೀನೋ ಸೇರಿ ಎಲ್ಲರೂ ನಕ್ಕರು. ನಾನೂ ನಕ್ಕು, ಮನೆಯಿಂದ ತಂದಿದ್ದ ಸಿಹಿ ಬ್ರೆಡ್ಡು ಹಂಚಿದೆ.

ಮೆಕ್ಸಿಕೋದ ಕಡಲಲ್ಲಿ, ಯಾವ ದಿಕ್ಕಿಗೂ ನೆಲ ಕಾಣದ ಜಾಗದಲ್ಲಿ, ಬೆಳಗಿನ ಕಾಫಿ ಆರುವ ಮೊದಲೇ ಅವನ ಗಾಳಕ್ಕೆ ಮೀನು ಬಿತ್ತು. ಜೀವಂತ ಬೂತಾಯಿ ಮೀನೊಂದನ್ನು ಕೊಕ್ಕೆಗೆ ಸಿಕ್ಕಿಸಿ ಬಿಟ್ಟಿದ್ದನಷ್ಟೆ, ದಾರ ಸುತ್ತುವ ರೀಲು ಕಿರುಚಿಕೊಂಡಿತು. ಸ್ವಲ್ಪ ಹೊತ್ತಿಗೆ ಮೀನು ಒಮ್ಮೆ ಮೇಲೆ ಬಂದು ಮಗ್ಗುಲಾಯಿತು. ನಾನು ಶಿಲುಬೆ ಗುರುತು ಹಾಕಿಕೊಂಡೆ. ಮೇಲಿನಿಂದ ಕ್ಯಾಪ್ಟನ್ ರೂಯಿ ಕೂಗಿದ: "ಅಯ್ಯೋ ದೇವರೇ! ಮುನ್ನೂರೈವತ್ತಕ್ಕೆ ಕಮ್ಮಿ ಇಲ್ಲ, ಅಲ್ಬಾನೋ ಮಾಮ!"

ಉಳಿದವರೆಲ್ಲ ತಮ್ಮ ದಾರ ಸುತ್ತಿಕೊಂಡು ಜಾಗ ಬಿಟ್ಟರು. ಅಲ್ಬಾನೋ ಕೋಲನ್ನು ಅಂಚಿನ ಕಂಬಿಗೆ ಊರಿ, ಸೊಂಟದ ಪಟ್ಟಿಗೆ ರೀಲು ಸಿಕ್ಕಿಸಿಕೊಂಡು ಎಳೆದ. ಎಳೆದ, ಎಳೆದ. ಬಿಸಿಲು ನೆತ್ತಿಗೆ ಬಂತು. ಇಂಥ ಹೊತ್ತಿನಲ್ಲಿ ಎಳೆಯುವವನ ತಲೆಗೆ ನೀರು ಸುರಿಯಬಹುದು, ಬಾಯಿಗೆ ಕಿತ್ತಳೆ ತೊಳೆ ಇಡಬಹುದು. ಅಷ್ಟೇ.

"ಬಾಯಿ ತೆಗಿ ಅಲ್ಬಾನೋ," ಎಂದು ನೀರು ಹಿಡಿದೆ. ನೀರು ಒಳಗೆ ಹೋಗಲಿಲ್ಲ. ಬಾಯಿಯ ಬಲಮೂಲೆಯಿಂದ ಇಳಿದು ಅಂಗಿ ನೆನೆಸಿತು.

"ಸಾಕಾ?"

"ನಾಳೆ... ಚರ್ಚು... ಬೂತಾಯಿ..." ಎಂದ.

ಸಿಲ್ವೀನೋ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ್ರೋ, ಮುದುಕ ಈಗ್ಲೇ ಪ್ರಾರ್ಥನೆ ಶುರು ಮಾಡ್ದ!"

ಅಲ್ಬಾನೋನ ಬಲಗೈ ರೀಲಿನ ಹಿಡಿಯಿಂದ ಕಳಚಿ, ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. 

"ಸಿಲ್ವೀನೋ, ಅವನ ಕೈ ನೋಡು."

"ಸುಸ್ತು ಅತ್ತಿಗೆ. ಸುಧಾರಿಸ್ಕೊಳ್ಲಿ ಬಿಡು."

"ಮುಖ ನೋಡೋ!"

"ಹುಟ್ಟಿದಾಗ್ಲಿಂದ ಅವನ ಮುಖ ಹಂಗೇ ಇದೆ."

ಮತ್ತೆ ನಗು. ದೋಣಿಯ ಕೆಲಸದಾಳು ಬ್ರೆಟ್ ಒಬ್ಬನೇ ನಗಲಿಲ್ಲ. ಪಟ್ಟಿಯ ಕೊಂಡಿ ಬಿಚ್ಚಲು ಮುಂದೆ ಬಂದ. ಸಿಲ್ವೀನೋ ಎರಡೂ ಕೈ ಚಾಚಿ ಅಡ್ಡ ನಿಂತ.

"ಮುಟ್ಬೇಡ! ಹೋದ ವರ್ಷದ್ದು ಮರ್ತೋಯ್ತಾ? ಮುಟ್ಟಿದ್ರೆ ಮೀನು ಅವನದಲ್ಲ! ಸತ್ರೂ ಮುಟ್ಬಾರ್ದು ಅಂತ ಅವನೇ ಹೇಳಿಲ್ವಾ?"

ಬ್ರೆಟ್ ಹಿಂದೆ ಸರಿದ. ನನಗೆ ಇವತ್ತಿಗೂ ನಂಬಲಾಗುವುದಿಲ್ಲ. ಇಪ್ಪತ್ತು ಜನ, ಮಕ್ಕಳು ಮರಿ ಕಂಡವರು, ಪೂಜೆಗೆ ನಿಂತವರಂತೆ ಕೈಕಟ್ಟಿ ನಿಂತಿದ್ದರು. ಕಣ್ಣೆದುರಿಗೇ ಒಬ್ಬ ಮನುಷ್ಯನ ಅರ್ಧ ದೇಹ ಸತ್ತುಹೋಗುತ್ತಿತ್ತು, ಅವರು ಅವನ ಮೀನನ್ನು ಕಾಯುತ್ತಿದ್ದರು!

ಕೆಳಗೆ ಮೀನು ಮತ್ತೆ ಓಡಿತು. ಪಟ್ಟಿ ಬಿಗಿದು, ಅಲ್ಬಾನೋನ ಎದೆ ಕಂಬಿಗೆ ಬಡಿಯಿತು. ಅವನು ಅಮ್ಮಾ ಎಂದೂ ಅನ್ನಲಿಲ್ಲ.

ನಾನು ಬ್ರೆಟ್‌ನ ಸೊಂಟದಿಂದ ಚಾಕು ಕಿತ್ತುಕೊಂಡು ದಾರ ಕತ್ತರಿಸಿದೆ.

ಫಟ್ಟೆಂದಿತು. ಕೋಲು ನೆಟ್ಟಗಾಯಿತು.  ಸಿಲ್ವೀನೋ ನನ್ನ ಮೇಲೇ ಏರಿ ಬಂದ.

"ಏನ್ ಮಾಡ್ದೆ ಅತ್ತಿಗೆ! ತಲೆ ಕೆಟ್ಟಿದ್ಯಾ? ಜನ್ಮಕ್ಕೊಂದು ಸಿಗೋ ಮೀನು ಅದು!"

"ಹೋಗ್ತಿರೋದು ಅವನ ಜೀವ ಕಣೋ, ಹೆಡ್ಡ!"

ಎಳೆಯುವ ಮೀನು ಇಲ್ಲವಾದದ್ದೇ ತಡ, ಅಲ್ಬಾನೋ ಕೋಲಿನ ಸಮೇತ ಹಿಂದಕ್ಕೆ ಕುಸಿದ. ಆಗ ಅವನ ಮುಖ ಎಲ್ಲರಿಗೂ ಕಂಡಿತು. ಒಂದು ಕಣ್ಣು ಆಕಾಶ ನೋಡುತ್ತಿತ್ತು, ಇನ್ನೊಂದು ಅರ್ಧ ಮುಚ್ಚಿತ್ತು. ಸಿಲ್ವೀನೋ ಮಂಡಿಯೂರಿ ಕೂತ. "ಅಣ್ಣಾ? ಅಣ್ಣಾ, ತಮಾಷೆ ಮಾಡ್ಬೇಡ," ಎಂದು ಅವನ ಕೆನ್ನೆ ತಟ್ಟತೊಡಗಿದ. ರೂಯಿ ಓಡಿಹೋಗಿ ರೇಡಿಯೋದಲ್ಲಿ ಸಹಾಯ ಕೇಳಿದ. ಹೆಲಿಕಾಪ್ಟರ್ ಬರುವವರೆಗೂ ಸಿಲ್ವೀನೋ ಆ ಜೋತುಬಿದ್ದ ಕೈಯನ್ನು ತಿಕ್ಕುತ್ತಲೇ ಇದ್ದ. ಈಗ ಮುಟ್ಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮೆದುಳಿಗೆ ರಕ್ತ ಹೋಗುವುದು ನಿಂತು ಲಕ್ವ ಹೊಡೆದಿದೆ ಎಂದರು ಆಸ್ಪತ್ರೆಯ ವೈದ್ಯರು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ, ಬಲಗೈ ಮೊದಲಿನಂತಾಗುವುದು ಕಷ್ಟ, ಮಾತು ನಿಧಾನಕ್ಕೆ ಬರಬಹುದು ಎಂದರು. ಮಾತು ಬರುವುದನ್ನೇ ಕಾಯುತ್ತಾ ನಾನು ಹಾಸಿಗೆಯ ಒಂದು ಪಕ್ಕ, ಸಿಲ್ವೀನೋ ಇನ್ನೊಂದು ಪಕ್ಕ ಕೂತೆವು. ನನ್ನ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಒದೀಲಿಯಾ ಅನ್ನುವುದು ತೊದಲುವ ನಾಲಿಗೆಗೆ ಕಷ್ಟವಾದರೆ ಮಾತೆ ಮರಿಯಳ ಹೆಸರಾದರೂ ಹೇಳಲಿ ಅಂದುಕೊಂಡಿದ್ದೆ.

ಅವನು ಕಣ್ಣು ಬಿಟ್ಟು, ನಾಲಿಗೆಯನ್ನು ಎಳೆದೆಳೆದು ಕೇಳಿದ: "ಯಾರು... ಮುಟ್ಟಿದ್ದು?"



"ದಾರ ಕತ್ತರಿಸಿದ್ದು ನಾನು. ಬೈಯೋದಿದ್ರೆ ಬೈಯ್."

"ಕೋಲು?"

ಸಿಲ್ವೀನೋ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. "ಕೋಲು ಯಾರೂ ಮುಟ್ಲಿಲ್ಲ ಅಣ್ಣ," ಎಂದ. "ಬ್ರೆಟ್ ಬಂದಿದ್ದ. ಬಂದೇ ಬಂದಿದ್ದ. ನಾನೇ... ನಾನೇ ಮುಟ್ಟೋಕೆ ಬಿಡ್ಲಿಲ್ಲ." ಅಷ್ಟು ಹೇಳಿ, ಹಾಸಿಗೆಯ ಅಂಚಿಗೆ ಹಣೆಯಿಟ್ಟು ಹೋ ಎಂದು ಅತ್ತ.

ತಮ್ಮ ಯಾಕೆ ಅಳುತ್ತಿದ್ದಾನೆಂದು ಅಲ್ಬಾನೋಗೆ ಅರ್ಥವಾಗಲಿಲ್ಲ. ಬಾಯಿಯ ಒಂದು ಬದಿಯಿಂದ ನಕ್ಕ. ಚೆನ್ನಾಗಿದ್ದ ಎಡಗೈಯನ್ನು ಕಷ್ಟಪಟ್ಟು ಎತ್ತಿ ಅವನ ತಲೆಯ ಮೇಲಿಟ್ಟು ಸವರಿದ.

"ಒಳ್ಳೆ... ತಮ್ಮ," ಎಂದ.

ಆಮೇಲೆ ನನ್ನ ಕಡೆ ನೋಡಿದ. ನಾನು ಕಿತ್ತಳೆ ಸುಲಿಯುತ್ತಿದ್ದೆ. ಅವನ ಮುಖದ ಆ ನಗು ಹೋಗಿತ್ತು.

"ನೀನು... ಕತ್ತರಿಸಬಾರದಿತ್ತು," ಎಂದ.