ಹಿಂಡಿಯೊಳಗಿನ ಅರ್ಧ

ಪರಸವ್ವ ಅಡಕೊತ್ತಿನ ಬಾಯಿಗೆ ಗುಳಿಗೆ ಇಟ್ಟು ಒತ್ತಿದಳು. ಕಟ್ ಎಂದಿತು. ಒಂದು ಹೋಳು ಅವಳ ಉಡಿಗೆ ಬಿತ್ತು, ಇನ್ನೊಂದು ಸಿಡಿದು ಹಿಟ್ಟಿನ ಡಬ್ಬಿಯ ಹಿಂದೆ ಹೋಯಿತು. ಅವಳು ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಸಂದಿಯಲ್ಲಿ ಬೆರಳು ಆಡಿಸಿದಳು. ಸಿಕ್ಕಿತು. ಊದಿದಳು. ಸೆರಗಿಗೆ ಒರೆಸಿದಳು. ತಲೆ ಎತ್ತಿದರೆ ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು. ಹೆಗಲಿಗೆ ಚೀಲ, ಎದೆಗವಚಿಕೊಂಡ ಫೈಲು, ಘೋಣಸಗಿಗೆ ಬರುವ ಮೊದಲ ಬಸ್ಸಿನ ಧೂಳು ಚಪ್ಪಲಿಯ ಮೇಲೆ.

ಹಿತ್ತಲ ಬಚ್ಚಲಿನಲ್ಲಿ ಗಂಡ ಕರೆಪ್ಪ ಸ್ನಾನ ಮಾಡುತ್ತಿದ್ದ. ನೀರಿನ ಸದ್ದು, ಕೆಮ್ಮು, ಮತ್ತೆ ನೀರಿನ ಸದ್ದು.

"ಅಕ್ಕಾರ, ನೀವು ಗುರುವಾರ ಬರೂರಲ್ಲೇನ್ರಿ?" ಪರಸವ್ವ ಪಿಸುಗುಟ್ಟಿದಳು.

"ರಿಪೋರ್ಟ್ ಬಂದೈತ್ರಿ ವೈನಿ. ಗುರುವಾರದ ತನಕಾ ಕುಂದ್ರಾಕ ಆಗಲಿಲ್ಲ." ಸಂಘಮಿತ್ರಾಳ ಕಣ್ಣು ಅಡಕೊತ್ತಿನ ಮೇಲೇ ಇತ್ತು. "ಅದೇನ್ ಮಾಡಾಕತ್ತೀರಿ?"

ಪರಸವ್ವ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಇನ್ನೊಂದನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದಳು. ಸತ್ತ ಅತ್ತೆ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಕುಟ್ಟಾಣಿ ಅದು, ಅಡಕೊತ್ತೂ ಅವಳದೇ. ಬಿಳಿ ಪುಡಿಯನ್ನು ಒಂದು ಚಮಚ ಶೇಂಗಾ ಹಿಂಡಿಗೆ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಗೆ, ಕಲಸಿ, ರೊಟ್ಟಿ ಪಲ್ಯದ ಪಕ್ಕ ಡಬ್ಬಿಯ ಮೂಲೆಯಲ್ಲಿ ಇಟ್ಟು, ಮುಚ್ಚಳ ಒತ್ತಿದಳು. ಇದೆಲ್ಲವನ್ನೂ ನೋಡುವವರ ಎದುರಿಗೇ ಮಾಡಿದಳು. ಬಚ್ಚಲಿನ ನೀರು ನಿಂತಿತ್ತು, ಬಚ್ಚಿಡಲು ಹೊತ್ತಿರಲಿಲ್ಲ.

ಕರೆಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಅಂಗಿ ಅವನದೇ, ಆದರೆ ಹೆಗಲು ಬೇರೆ ಯಾರದೋ ಅನ್ನಿಸುವಂತಿತ್ತು.

"ಯಾರು?"

"ಸಂಘದ ಅಕ್ಕಾರ."

"ಹೂಂ." ಡಬ್ಬಿ ತೆಗೆದುಕೊಂಡು ಹೋದ. ಬಸ್ಸು ನಿಲ್ಲುವ ಕಡೆ ಅವನ ಕೆಮ್ಮು ಬಹಳ ಹೊತ್ತು ಕೇಳಿಸಿತು.

ಸಂಘಮಿತ್ರಾ ಯಾವ ಸಂಘದವಳೂ ಅಲ್ಲ. ಎಚ್‌ಐವಿ ಇರುವವರು ದಿನದ ಗುಳಿಗೆಯನ್ನು ಹೇಗೆ ನುಂಗುತ್ತಾರೆ, ಯಾವಾಗ ತಪ್ಪಿಸುತ್ತಾರೆ, ಯಾಕೆ ತಪ್ಪಿಸುತ್ತಾರೆ ಎಂದು ತಿಳಿಯಲು ವಿಜಯಪುರದ ಒಂದು ಸಂಸ್ಥೆ ಅಧ್ಯಯನ ನಡೆಸುತ್ತಿತ್ತು. ತಿಕೋಟಾ ಮತ್ತು ಬಬಲೇಶ್ವರ ಭಾಗದ ಹಳ್ಳಿಗಳು ಅವಳ ಪಾಲಿಗೆ ಬಂದಿದ್ದವು. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರು. ಪರಸವ್ವ ನೂರಾ ಹದಿನೇಳು. ತಿಂಗಳಿಗೆ ಮೂವತ್ತು ಗುಳಿಗೆಯ ಡಬ್ಬಿ, ತಿಂಗಳ ಕೊನೆಗೆ ಉಳಿದದ್ದನ್ನು ಎಣಿಸುವುದು. ಹನ್ನೊಂದು ತಿಂಗಳಿಂದ ನೂರಾ ಹದಿನೇಳರ ಡಬ್ಬಿಯಲ್ಲಿ ಒಂದೂ ಉಳಿದಿರಲಿಲ್ಲ. ಪ್ರತಿ ಸಲ ಸಂಘಮಿತ್ರಾ ಅವಳ ಕೈ ಹಿಡಿದು ಶಾಭಾಸ್ ಎಂದಿದ್ದಳು. ಆಫೀಸಿನ ಮೀಟಿಂಗಿನಲ್ಲಿ ಉದಾಹರಣೆಯಾಗಿ ಹೇಳಿದ್ದಳು.

ನಿನ್ನೆ ಬಂದ ರಿಪೋರ್ಟಿನಲ್ಲಿ, ಇಷ್ಟರಲ್ಲಿ ಲೆಕ್ಕಕ್ಕೇ ಸಿಗದಷ್ಟು ಇಳಿದಿರಬೇಕಾಗಿದ್ದ ವೈರಸ್ಸು ಎಂಬತ್ತನಾಲ್ಕು ಸಾವಿರ ಇತ್ತು.

"ಎಷ್ಟ ದಿನದಿಂದ ಹಿಂಗ ಮಾಡಾಕತ್ತೀರಿ?"

"ಮೊದಲ ಡಬ್ಬಿ ಕೊಟ್ರಿ ನೋಡ್ರಿ, ಅವತ್ತಿಂದ."

"ನಾ ಪ್ರತಿ ತಿಂಗಳ ಕೇಳೇನಿ ವೈನಿ! ಎಷ್ಟ್ ತಪ್ಪಿಸೀರಿ ಅಂತ ಕೇಳೇನಿ!"

"ಒಂದೂ ತಪ್ಪಿಸಿಲ್ರಿ ಅಕ್ಕಾರ. ಬುದ್ಧನಾಣೆ. ಒಂದ ದಿನಾ ತಪ್ಪಿಸಿಲ್ಲ."

ಅದು ಸುಳ್ಳಲ್ಲ. ಸಂಘಮಿತ್ರಾ ಫೈಲು ತೆರೆದಳು, ಏನನ್ನಾದರೂ ತೆರೆಯಬೇಕಾಗಿತ್ತು ಎಂದು. 'ಕಳೆದ ಮೂವತ್ತು ದಿನಗಳಲ್ಲಿ ತಾವು ಎಷ್ಟು ಬಾರಿ ಗುಳಿಗೆ ತೆಗೆದುಕೊಳ್ಳುವುದನ್ನು ತಪ್ಪಿಸಿದ್ದೀರಿ?' ಕೆಳಗೆ ಐದು ಖಾನೆ. ಒಮ್ಮೆಯೂ ಇಲ್ಲ, ಒಂದೆರಡು ಬಾರಿ, ಹೀಗೆ. ಅರ್ಧ ಎಂಬ ಖಾನೆ ಎಲ್ಲೂ ಇರಲಿಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸಲು ಅವಳಿಗೆ ಕಲಿಸಿದ್ದರು. ಬಾಯಿಗೆ ಹೋದದ್ದನ್ನು ಯಾರೂ ಎಣಿಸಿರಲಿಲ್ಲ.

"ಅಣ್ಣಾರಿಗೆ ಗೊತ್ತೈತೇನ್ರಿ?"

"ನನಗ ರಕ್ತ ಕಡಿಮಿ ಐತಿ ಅಂತ ಹೇಳೇನಿ. ಒಮ್ಮೆ ನೀವೂ ತಪಾಸ ಮಾಡಸ್ಕೊಳ್ರಿ ಅಂದೆ. ಮೂರ ದಿನಾ ಮನಿಗೆ ಬರಲಿಲ್ಲ." ಪರಸವ್ವ ಅಡಕೊತ್ತಿನ ಅಲಗನ್ನು ಒರೆಸುತ್ತಿದ್ದಳು, ಎಷ್ಟೋ ಹೊತ್ತಿನಿಂದ ಒರೆಸುತ್ತಲೇ ಇದ್ದಳು. "ಒಂದ ರೊಟ್ಟಿ ಇದ್ದಾಗೂ ಮುರಕೊಂಡ ತಿಂದೇವ್ರಿ ಅಕ್ಕಾರ ನಾವು. ಅವರ ಅಂಗಿ ದಿನಾ ಸಡ್ಲ ಆಗೂದ ನೋಡಕೋತ ಇದೊಂದ ನಾ ಒಬ್ಬಾಕಿನ ಹೆಂಗ ನುಂಗ್ಲಿ?"

ಹೊರಗೆ ಬಂದಾಗ ಪಕ್ಕದ ಮನೆಯ ಬೋರವ್ವ ಕಸಬರಿಗೆ ಹಿಡಿದು ದಾರಿಗೆ ಅಡ್ಡ ನಿಂತಿದ್ದಳು.

"ಏನ್ ಬೇ ತಂಗಿ, ತಿಂಗಳಾ ಪರಸಿ ಮನಿಗಷ್ಟ ಬರ್ತಿ? ಅಕಿ ಹೆಸರಷ್ಟ ಬರಕೊಂಡ್ ಹೋಕ್ಕಿ? ನಾವೇನ್ ಮನಷ್ಯಾರಲ್ಲ?"

"ಅದು ಬ್ಯಾರೆ ಐತ್ರಿ ಆಯಿ."

"ಏನ್ ಬ್ಯಾರೆ? ಅಕಿಗಿ ಬರೂದು ನನಗ್ಯಾಕ ಬರಬಾರ್ದು? ಬರ್ಕೋ ನನ್ನ ಹೆಸರ. ಬೋರವ್ವ, ಆಧಾರ್ ಕಾರ್ಡ್ ಐತಿ, ಫೋಟೋ ಐತಿ. ಏನ್ ಕೊಡ್ತೀ ಅದನ್ನ ನನಗೂ ಕೊಡು!"

ಸಂಘಮಿತ್ರಾಳಿಗೆ ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ತಿಕೋಟಾ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಅರುಣಕುಮಾರ ಎರಡು ಸಲ ಕೇಳಿದರು. "ಅಡಕೊತ್ತಿನಿಂದ?"

"ಹೌದು ಸರ್."

ಅವರು ಫಾರ್ಮು ತಿರುಗಿಸಿ ನೋಡಿದರು. "ತಪ್ಪಿಸಿಲ್ಲ. ತಗೊಂಡೂ ಇಲ್ಲ. ಎಲ್ಲಿ ಬರೀತೀರಿ ಇದನ್ನ?"

"ಬರಿಯೂದು ಆಮ್ಯಾಲ ಇರಲಿ ಸರ್. ಏನ್ ಮಾಡೋದು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ದಣಿದವರು. ಅರ್ಧ ಗುಳಿಗೆ ವೈರಸ್ಸನ್ನು ಕೊಲ್ಲುವುದಿಲ್ಲ, ಗುಳಿಗೆಯನ್ನು ಹೇಗೆ ತಡೆದುಕೊಳ್ಳಬೇಕು ಎಂದು ಅದಕ್ಕೆ ಕಲಿಸುತ್ತದೆ, ಇಬ್ಬರ ಮೈಯಲ್ಲೂ ಕಲಿಸುತ್ತಿದೆ ಎಂದರು. ಪರಸವ್ವ ಇಂದಿನಿಂದ ಮೂರು ತಿಂಗಳು ಪೂರ್ತಿ ನುಂಗಿದರೆ ಇಳಿಯುವ ಸಾಧ್ಯತೆ ಇನ್ನೂ ಇದೆ. ಗಂಡ ಒಮ್ಮೆ ತಪಾಸಣೆಗೆ ರಕ್ತ ಕೊಟ್ಟರೆ ಸಾಕು, ಸೋಂಕು ಇದ್ದರೆ ಅವನಿಗೂ ಸರಕಾರದ್ದೇ ಡಬ್ಬಿ ಬರುತ್ತದೆ, ದುಡ್ಡಿಲ್ಲದೆ.

"ಅಂವ ಬರೂದಿಲ್ಲ ಅಂದ್ರ?"

"ಹೆಂಡತಿ ಅರ್ಧ ಮಾಡೋದು ಬಿಡ್ತಾಳಾ?"

"ಬಿಡೂದಿಲ್ಲ ಸರ್."

"ಹಂಗಾದ್ರ ಇಬ್ಬರೂ ಹೋಗ್ತಾರ." ಹೇಳಿದ ಮೇಲೆ ಅವರಿಗೇ ಆ ಮಾತು ಸರಿಬೀಳಲಿಲ್ಲ. "ಒಂದು ಮಾತು. ಹೆಂಡತಿಯ ವಿಷಯ ನೀವು ಅವನಿಗೆ ಹೇಳೋ ಹಾಗಿಲ್ಲ. ಹೇಳಿದ್ರ ಆಕೀನ ಹೇಳಬೇಕು."

ಶುಕ್ರವಾರ ಪರಸವ್ವ ಗಂಡನ ಬುತ್ತಿಯನ್ನು ತಾನೇ ಹಿಡಿದು ವಿಜಯಪುರದ ಬಸ್ಸಿನಲ್ಲಿ ಬಂದಳು. ತಿಕೋಟಾದಲ್ಲಿ ಸಂಘಮಿತ್ರಾ ಅದೇ ಬಸ್ಸು ಹತ್ತಿ ಪಕ್ಕದಲ್ಲಿ ಕೂತಳು. ಕರೆಪ್ಪ ಸೊಲ್ಲಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಅಲ್ಲಿಯೇ ಹೋಗಿ ಪರಸವ್ವ ತನ್ನ ಬೇನೆಯ ವಿಷಯ ಹೇಳುವುದೆಂದು ಇಬ್ಬರೂ ಗೊತ್ತು ಮಾಡಿದ್ದರು. ಮನೆಯಲ್ಲಿ ಹೇಳಿದರೆ ಎದ್ದು ಹೋಗುತ್ತಾನೆ. ಕೆಲಸ ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ಪರಸವ್ವ ಒಮ್ಮೆಲೇ ಕೇಳಿದಳು. "ಅಕ್ಕಾರ, ಆ ಗುಳಗಿ ಕಹಿ ಇರತೈತಿ ಅಲ್ರಿ?"

"ಕುಟ್ಟಿದ್ರ ಇರತೈತ್ರಿ."

"ನಾ ಒಮ್ಮೆ ಬೆರಳಿಗೆ ಹತ್ತಿದ್ದ ನೆಕ್ಕಿ ನೋಡೇನಿ. ಇಷ್ಟ್ ಕಹಿ." ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. "ಉಪ್ಪ ಕಡಿಮಿ ಆದ್ರ ತಾಟ ಬೀಸಿ ಒಗ್ಯಾ ಮನಷ್ಯಾರಿ ನಮ್ಮ ಮನ್ಯಾರು. ಲಗ್ನಾದ ವರ್ಷ ಎಷ್ಟ್ ತಾಟ ಒಗದಾರ ಕೇಳಬ್ಯಾಡ್ರಿ. ಹನ್ನೊಂದ ತಿಂಗಳಾತು. ಹಿಂಡಿ ಕಹಿ ಐತಿ ಅಂತ ಒಂದ ದಿನಾ ಅಂದಿಲ್ಲ. ಡಬ್ಬಿ ತೊಳದಂಗ ತಿರಗಿ ಬರತೈತಿ."

ಬಸ್ಸು ಊರೊಳಗೆ ತಿರುಗಿತು.

ಗ್ಯಾರೇಜಿನ ಮಾಲಕ ಈರಯ್ಯ ಖುರ್ಚಿಯಲ್ಲಿ ಕೂತೇ ನಕ್ಕ. "ಏ ಕರೆಪ್ಪಾ, ಬುತ್ತಿಗೆ ಇವತ್ತ ಕಾಲ್ ಬಂದಾವ ನೋಡೋ! ಪರಸವ್ವಾ, ಮನಿಯಾಗ ಜಗಳಾ ಗಿಗಳಾ ಆಗೇತೇನ್? ಬರ್ರಿ, ಚಹಾ ಕುಡೀರಿ."

ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು ಬಂದವು. ಎಲ್ಲ ಒಂದೇ ನಮೂನೆ. ಈರಯ್ಯ ಒಂದು ತೆಗೆದುಕೊಂಡ, ಲೇಥ್ ಯಂತ್ರದವನು ಒಂದು, ಕರೆಪ್ಪ ಒಂದು. ಕರೆಪ್ಪ ತನ್ನ ಗ್ಲಾಸನ್ನು ಹಿಡಿದುಕೊಂಡೇ ಹೊರಗೆ ಬಂದ. ಅರ್ಧ ಬಣ್ಣ ಬಳಿದ ಟ್ರೇಲರಿನ ಮರೆಯಲ್ಲಿ ಮೂವರೂ ನಿಂತರು. ಹತ್ತಿರದಿಂದ ನೋಡಿದರೆ ಅವನ ತುಟಿಯ ಮೂಲೆಗಳಲ್ಲಿ ಬಿಳಿ ಪೊರೆ ಕಟ್ಟಿತ್ತು.

ಪರಸವ್ವ ಹೇಳಲು ಬಾಯಿ ತೆರೆದಳು. "ನನಗಿರೂದು ರಕ್ತ ಕಡಿಮಿ ಅಲ್ರಿ..."

"ಗೊತ್ತೈತಿ," ಎಂದ ಕರೆಪ್ಪ.

ರಸ್ತೆಯಲ್ಲಿ ಒಂದು ಲಾರಿ ಹೋಯಿತು.

"ಹಿಂಡೀದು?" ಪರಸವ್ವನ ದನಿ ಕೇಳಿಸಲೇ ಇಲ್ಲ, ತುಟಿ ಮಾತ್ರ ಆಡಿತು.

"ಅದೂ ಗೊತ್ತೈತಿ."

ಆಗ ಸಂಘಮಿತ್ರಾ ಹೇಳಿದಳು. ಎಲ್ಲವನ್ನೂ, ಒಂದೇ ಉಸಿರಿನಲ್ಲಿ. ಒಂದು ಹನಿ ರಕ್ತ. ಬೇಕಾದರೆ ನಾಳೆ, ಬೇಕಾದರೆ ಈಗಲೇ, ಜೊತೆಗೆ ನಾನು ಬರುತ್ತೇನೆ. ನಿಮ್ಮದೇ ಡಬ್ಬಿ, ನಿಮ್ಮದೇ ಪೂರ್ತಿ ಗುಳಿಗೆ. ಎಷ್ಟೋ ಮಂದಿ ಇಪ್ಪತ್ತು ವರ್ಷದಿಂದ ನುಂಗಿ ಹೊಲ ಮನೆ ನೋಡಿಕೊಂಡು ಇದ್ದಾರೆ. "ಹೆಸರೂ ಹೊರಗ ಬರೂದಿಲ್ರಿ ಅಣ್ಣಾರ. ನಂಬರ್ ಇರತೈತಿ."

"ನಂಬರಿಗೆ ಮಾರಿ ಇರೂದಿಲ್ಲೇನ್ರಿ? ಅಲ್ಲಿ ಸಾಲಿನ್ಯಾಗ ನಿಂದ್ರೂದು ನಂಬರಲ್ಲ, ನಾನು." ಕರೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವ್ ಯಾವೂರವ್ರು?"

"ಬಬಲೇಶ್ವರ."

"ನಮ್ಮವರ?"

"ಹೌದ್ರಿ, ನಮ್ಮವರ."

"ಹಂಗಾದ್ರ ತಿಳೀತೈತಿ." ಅವನು ಗ್ಲಾಸನ್ನು ಬೆಳಕಿಗೆ ಹಿಡಿದ. "ನಮ್ಮ ಮುತ್ಯಾಗ ಊರ ಹೊಟೇಲಿನ್ಯಾಗ ಬ್ಯಾರೆ ಕಪ್ ಇತ್ತು. ಹೊರಗ, ಗ್ವಾಡಿ ಮ್ಯಾಲ. ಕುಡದು, ತೊಳದು, ಅಲ್ಲೇ ಇಡಬೇಕು. ನಮ್ಮಪ್ಪ ಜಗಳಾಡಿ ಅದನ್ನ ಒಡದ. ಆಮ್ಯಾಲ ನಮ್ಮಣ್ಣ ರಾಜಾರಾಮಗ ಈ ಬ್ಯಾನಿ ಬಂತು. ದವಾಖಾನಿಗೆ ಹೋಗಿ ಹೆಸರ ಬರಸಿದ. ಹದಿನೈದ ದಿನಕ್ಕ ಎಲ್ಲಾರಿಗೂ ಗೊತ್ತಾತು. ಮತ್ತ ಬ್ಯಾರೆ ಕಪ್ ಬಂತು. ಹೊಟೇಲಿನ್ಯಾಗಲ್ರಿ ಅಕ್ಕಾರ. ನಮ್ಮ ಮನ್ಯಾಗ. ನಮ್ಮವ್ವನ ಕೈಲೇ."

ಸಂಘಮಿತ್ರಾಳಿಗೆ ತರಬೇತಿಯಲ್ಲಿ ಕೊಟ್ಟ ವಾಕ್ಯಗಳು ಇದ್ದವು. ಅವಳು ಫೈಲನ್ನು ಚೀಲಕ್ಕೆ ತುರುಕಿದಳು.

"ಇಲ್ಲಿ ಹದಿನಾಲ್ಕು ವರ್ಷ ಆತು," ಎಂದ ಕರೆಪ್ಪ. "ಈ ಆರು ಗ್ಲಾಸಿನ್ಯಾಗ ನನಗ ಯಾವುದು ಬರತೈತಿ ಅಂತ ಯಾರಿಗೂ ಗೊತ್ತಿಲ್ಲ. ನಾ ಬರೂದಿಲ್ರಿ."

"ಸತ್ತ ಹೋಗ್ತೀರಿ!" ಪರಸವ್ವ ಕೂಗಿದಳು. ಒಳಗೆ ಗ್ರೈಂಡರಿನ ಸದ್ದು ಅದನ್ನು ನುಂಗಿತು. ಅವಳು ಅವನ ಅಂಗಿಯ ತೋಳು ಹಿಡಿದು ಜಗ್ಗಿದಳು. "ಕಪ್ಪಿನ ಸಲವಾಗಿ ಸಾಯ್ತೀರೇನು? ನಿಮ್ಮ ಕಾಲಿಗೆ ಬೀಳ್ತೇನಿ. ಇಲ್ಲೇ, ಇವರ ಮುಂದ ಬೀಳ್ತೇನಿ."

ಬಿದ್ದಳು ಕೂಡ. ಕಬ್ಬಿಣದ ಚೂರು, ಎಣ್ಣೆ, ಸುಟ್ಟ ರಾಡಿನ ತುಂಡುಗಳ ಮೇಲೆ. ಕರೆಪ್ಪ ಬಗ್ಗಿ ಎಬ್ಬಿಸಿದ. ಎಬ್ಬಿಸುವಾಗ ಕೆಮ್ಮು ಬಂತು, ಅವನನ್ನೇ ಅವಳು ಹಿಡಿದುಕೊಳ್ಳಬೇಕಾಯಿತು.

ಕೆಮ್ಮು ನಿಂತ ಮೇಲೆ ಅವನು ಸಂಘಮಿತ್ರಾಳ ಕಡೆ ತಿರುಗಿದ. "ಇಕಿ ಪೂರ್ತಿ ನುಂಗಿದ್ರ?"

"ಏನ್ರಿ?"

"ಇಕಿ. ಒಬ್ಬಾಕಿನ. ಪೂರ್ತಿ ನುಂಗಿದ್ರ ಬದುಕತಾಳೇನು?"

ಸುಳ್ಳು ಹೇಳಬಹುದಾಗಿತ್ತು. ಇಲ್ಲ, ಇಬ್ಬರೂ ನುಂಗಿದರೆ ಮಾತ್ರ ಎನ್ನಬಹುದಾಗಿತ್ತು. ಆಮೇಲೆ ಎಷ್ಟೋ ದಿನ ಅವಳು ಆ ಸುಳ್ಳನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು, ಪ್ರತಿ ಸಲ ಸರಿಯಾಗಿ ಬರುತ್ತಿತ್ತು. ಆದರೆ ಅಲ್ಲಿ, ಟ್ರೇಲರಿನ ಮರೆಯಲ್ಲಿ, ಅಭ್ಯಾಸದಂತೆ ಕೇಳಿದ್ದಕ್ಕೆ ಉತ್ತರ ಕೊಟ್ಟಳು.

"ಬದುಕಬಹುದ್ರಿ. ಮೂರ ತಿಂಗಳದಾಗ ಇಳೀಬಹುದು."

ಕರೆಪ್ಪ ತಲೆ ಆಡಿಸಿದ. ಚಹಾದ ಕೊನೆಯ ಗುಟುಕು ಕುಡಿದು ಗ್ಲಾಸನ್ನು ಟ್ರೇಲರಿನ ಅಂಚಿಗೆ ಇಟ್ಟ. ಕೆಳಗೆ ಕೂತು, ಕೈ ಒರೆಸಿಕೊಂಡು, ಡಬ್ಬಿ ತೆರೆದ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೂಲೆಯಲ್ಲಿ ಹಿಂಡಿ. ರೊಟ್ಟಿ ಮುರಿದ. ಪಲ್ಯದಲ್ಲಿ ಅದ್ದಿ ತಿಂದ. ಮತ್ತೊಂದು ತುತ್ತು ಪಲ್ಯದಲ್ಲೇ ಅದ್ದಿದ.

ಪರಸವ್ವ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಮೂಗು ಒರೆಸಿಕೊಂಡು, ಬೆರಳಿನಿಂದ ಹಿಂಡಿಯನ್ನು ಮೂಲೆಯಿಂದ ಅವನ ಕಡೆ ಸರಿಸಿದಳು.

"ಹಿಂಡಿ ಬ್ಯಾಡ," ಎಂದ ಕರೆಪ್ಪ.

"ಇವತ್ತೊಂದ ದಿನಾ ತಿನ್ರಿ. ಕಲಸಿ ಬಿಟ್ಟೇನಿ."

"ಬ್ಯಾಡ."

ಅವಳು ಹಿಂಡಿಯನ್ನು ರೊಟ್ಟಿಯ ತುಂಡಿಗೆ ಸವರಿ, ಕೂಸಿಗೆ ಹಿಡಿಯುವಂತೆ ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿದ.

"ಬ್ಯಾಡ ಅಂದೆ. ನಾಳಿಗೂ ಬ್ಯಾಡ."