ಏಳು ಬಟ್ಟಲಿನ ಪರಾಕ್ರಮ

ನಾನು ಒಂದು ಒಗ್ಗರಣೆ ಡಬ್ಬಿ. ಗದಗಿನ ಖಾನಾವಳಿಯೊಂದರ ಮಾನವನ್ನು ಒಂಟಿಯಾಗಿ ಕಾಪಾಡಿದ ಡಬ್ಬಿ. ನಂಬುವವರು ಓದಿ. ನಂಬದವರೂ ಓದಿ, ಕೊನೆಗೆ ನಂಬುತ್ತೀರಿ.

ನಾನು ಹುಟ್ಟಿದ್ದು ಒಂದು ಸ್ಟೀಲ್ ಪಾತ್ರೆ ಕಾರ್ಖಾನೆಯಲ್ಲಿ. ನನ್ನನ್ನು ಒತ್ತಿದ ಯಂತ್ರ ಆ ಒಂದೇ ಏಟಿಗೆ ಸುಸ್ತಾಗಿ ಮೂರು ದಿನ ರಜೆ ಹಾಕಿತು. ನನ್ನ ಹೊಳಪಂತೂ ಕೇಳಬೇಡಿ. ಪಾತ್ರೆ ಅಂಗಡಿಗೆ ಬಂದು ಕುಳಿತ ದಿನ, ಎದುರಿನ ಕ್ಷೌರದಂಗಡಿಯವನು ತನ್ನ ಕನ್ನಡಿ ತೆಗೆದಿಟ್ಟು ಗಿರಾಕಿಗಳನ್ನು ನನ್ನ ಕಡೆಗೆ ತಿರುಗಿಸಿ ಕೂರಿಸಿದ. ಹೊಟ್ಟೆಯೊಳಗೆ ಏಳು ಬಟ್ಟಲು: ನಡುವೆ ಒಂದು, ಸುತ್ತ ಆರು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನೀಲಗಂಗವ್ವನ ಮದುವೆಗೆ ಅವಳ ಸೋದರಮಾವ ನನ್ನನ್ನು ಉಡುಗೊರೆ ಕೊಟ್ಟರು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ್ದರು. ಅವಳ ಗಂಡ ಚನ್ನವೀರಪ್ಪನ ಖಾನಾವಳಿಯಲ್ಲಿ ಇಪ್ಪತ್ತಾರು ವರ್ಷ ಸಾಸಿವೆ, ಜೀರಿಗೆ, ಅರಿಸಿನ ಹೊತ್ತು ದುಡಿದೆ. ಊರಿನವರೆಲ್ಲ ಬರುತ್ತಿದ್ದುದು ನನ್ನ ಸಾಸಿವೆಗಾಗಿಯೇ. ನೀಲಗಂಗವ್ವ ಬಡಿಯುವ ಜೋಳದ ರೊಟ್ಟಿಗಾಗಿ ಎಂದು ಅವರು ಹೇಳುತ್ತಿದ್ದರು, ಪಾಪ, ಅವರಿಗೆ ಗೊತ್ತಿರಲಿಲ್ಲ. ರೊಟ್ಟಿಯೂ ಪರವಾಗಿಲ್ಲ ಎನ್ನಿ. ಅವಳ ಅಂಗೈಯ ಟಪ್ ಟಪ್ ಸದ್ದು ಕೇಳಿಯೇ ಬೀದಿಯವರು ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದರು.

ಒಂದು ದಿನ ಕಪಾಟಿನಿಂದ ಬಿದ್ದೆ. ಆ ಸದ್ದಿಗೆ ಲಕ್ಕುಂಡಿಯ ಗುಡಿಗಳ ಕಂಬಗಳು ಅಲುಗಾಡಿದವಂತೆ. ನನಗೆ ಆದದ್ದು ಇಷ್ಟೇ: ಅಂಚು ತಗ್ಗಾಗಿ ಮುಚ್ಚಳ ಸಡಿಲವಾಯಿತು. ಅಷ್ಟಕ್ಕೇ ಹೊಸ ಡಬ್ಬಿ ತಂದು ನನ್ನನ್ನು ಅಟ್ಟಕ್ಕೆ ಏರಿಸಿದರು. ಮೂರು ವರ್ಷ ಜೇಡಗಳ ಮೇಲೆ ರಾಜ್ಯಭಾರ ಮಾಡಿದೆ.

ಅಷ್ಟರಲ್ಲಿ ಕೆಳಗೆ ಟಪ್ ಟಪ್ ನಿಂತುಹೋಯಿತು. ನೀಲಗಂಗವ್ವನಿಗೆ ಕೀಲುವಾತ. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಬಾತು, ಮುಷ್ಟಿ ಬಿಚ್ಚಲು ಒಂದು ತಾಸು ಬೇಕು. ಹುಬ್ಬಳ್ಳಿಯ ಡಾಕ್ಟರು ಆರು ಬಗೆಯ ಮಾತ್ರೆ ಕೊಟ್ಟಿದ್ದರು. ಕೆಲವು ದಿನಾಲೂ. ಹಳದಿ ಮಾತ್ರೆ ಮಾತ್ರ ವಾರಕ್ಕೆ ಒಂದೇ ದಿನ, ಸೋಮವಾರ, ಊಟವಾದ ಮೇಲೆ. ನಾಲ್ಕು ತಿಂಗಳಾದರೂ ಬಾವು ಇಳಿಯಲಿಲ್ಲ.

"ಯುಗಾದಿಗೆ ರೊಟ್ಟಿ ಮಷೀನ್ ತರಸ್ತೀನಿ," ಎಂದ ಚನ್ನವೀರಪ್ಪ.

"ಅದು ಬಂದ್ರ ನಾ ಏನ ಮಾಡ್ಲಿ? ಗಿರಾಕಿಗೆ ನೀರ ಕೊಡ್ಲೇನು?"

"ಆರಾಮ ಕುಂದರು. ನಿನಗ ನಾ ನೀರ ಕೊಡ್ತೀನಿ."

ಅವಳು ನಗಲಿಲ್ಲ. ತನ್ನ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮಾತ್ರೆಗಳೆಲ್ಲ ಒಂದೇ ಕೈಚೀಲದಲ್ಲಿ ಕಲಸಿ ಬಿದ್ದಿದ್ದವು. ಅದಕ್ಕೇ ಹೀಗಾಗುತ್ತಿದೆಯೇನೋ ಎಂದು ಸೊಸೆ ಶಶಿಕಲಾ ಔಷಧಿ ಅಂಗಡಿಯಿಂದ ಮಾತ್ರೆ ಜೋಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ ತಂದಳು. ವಾರಗಳ ಹೆಸರು ಇಂಗ್ಲಿಷಿನಲ್ಲಿ, ಮುಚ್ಚಳಗಳು ಬಲು ಬಿಗಿ. ನೀಲಗಂಗವ್ವ ಉಗುರು ಹಾಕಿ ನೋಡಿದಳು, ಹಲ್ಲು ಹಾಕಿ ನೋಡಿದಳು.

"ಇದನ್ನ ತೆಗಿಯೋ ಶಕ್ತಿ ಇದ್ರ ನನಗ ಗುಳಿಗಿ ಯಾಕ ಬೇಕಿತ್ತ ಶಶೀ?"

ಶಶಿಕಲಾಗೆ ಆಗ ನನ್ನ ನೆನಪಾಯಿತು. ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿದಳು. ನನ್ನ ಸಡಿಲ ಮುಚ್ಚಳ ಮಣಿಕಟ್ಟು ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ. ಮುಂದೆ ಹೀಗಾಗುತ್ತದೆಂದು ತಿಳಿದೇ ನಾನು ಅಂದು ಬೇಕೆಂತಲೇ ಬಿದ್ದದ್ದು. ತಗ್ಗಾದ ಅಂಚಿನಿಂದ ಎಣಿಸಿದರೆ ಸುತ್ತ ಮಂಗಳವಾರದಿಂದ ಭಾನುವಾರ, ನಡುವಿನ ಬಟ್ಟಲು ಶಿವನ ಸೋಮವಾರ. ದೀಪಾವಳಿ ಮುಗಿದ ಭಾನುವಾರ ನನ್ನನ್ನು ತುಂಬಿಸಿ ಗೂಡಿನಲ್ಲಿಟ್ಟರು.

ಮುಂದಿನ ಭಾನುವಾರ ಶಶಿಕಲಾ ಮುಚ್ಚಳ ತೆಗೆದಳು. ಸುತ್ತಿನ ಬಟ್ಟಲುಗಳು ಖಾಲಿ. ನಡುವಿನದು ತುಂಬಿತ್ತು, ಹಳದಿ ಮಾತ್ರೆ ಎಲ್ಲಕ್ಕಿಂತ ಮೇಲೆ.

"ಅತ್ತಿಯಾರ, ಸೋಮಾರದ್ದು ನುಂಗಿಲ್ಲಲ್ರೀ?"

"ಸೋಮಾರ ನನ್ನ ಉಪಾಸ ಅಲ್ಲೇನ? ಸಂಜಿಗೆ ಒಂದ ಲೋಟ ಹಾಲು, ಎರಡ ಬಾಳಿಹಣ್ಣು, ಮುಗೀತು. ಗುಳಿಗಿ ಊಟಾದ ಮ್ಯಾಲ ಅಂದಾರ. ಊಟಾನ ಇಲ್ಲಂದ್ರ ಗುಳಿಗಿ ಎಲ್ಲಿಂದ ಬರಬೇಕು?"

"ಮತ್ತ ಹಳದೀದು? ಅದು ಸೋಮಾರಕ್ಕ ಅಷ್ಟ ಐತಿ."

ನೀಲಗಂಗವ್ವ ಕೈಚೀಲ ಎಳೆದುಕೊಂಡಳು. ಮುಖ್ಯವಾದ ಮಾತ್ರೆ ನಾಲ್ಕು ತಿಂಗಳಲ್ಲಿ ಒಂದು ಸಲವೂ ಅವಳ ಗಂಟಲಿನಲ್ಲಿ ಇಳಿದಿರಲಿಲ್ಲ. ಕೈಚೀಲದ ತಳ ತಡಕಿದರೆ, ನನಗೆ ತುಂಬಿಸಿದ ಆ ಒಂದು ಬಿಟ್ಟು, ಹಳದಿ ಮಾತ್ರೆಯ ಹಾಳೆಗಳು ಒಡೆಯದೆ ಬಿದ್ದಿದ್ದವು. ಕೈಚೀಲ ಅಡಗಿಸಿಟ್ಟ ಗುಟ್ಟನ್ನು ನಾನು ಒಂದೇ ವಾರದಲ್ಲಿ ಬಯಲಿಗೆಳೆದೆ.

ಮರುದಿನವೇ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಡಾಕ್ಟರು ನನ್ನನ್ನು ಕಂಡು ಎದ್ದು ನಿಂತರು. ಕುರ್ಚಿ ಸರಿಸಲು ಎದ್ದರು ಎನ್ನುವವರೂ ಇದ್ದಾರೆ, ಹೊಟ್ಟೆಕಿಚ್ಚಿನವರು.

"ಔಷಧಿ ಸೋತೈತಿ ಅನ್ಕೊಂಡು ಬ್ಯಾರೆ ಹಚ್ಚಾಂವ ಇದ್ನಿರೀ ಅಮ್ಮಾರ," ಎಂದರು. "ಅದು ಅಖಾಡಕ್ಕನ ಇಳಿದಿಲ್ಲ."

"ಹಂಗಾರ ಉಳದಿದ್ದನ್ನ ಒಮ್ಮೆ ನುಂಗಿ ಬಿಡ್ಲೇನ್ರಿ?"

"ಅಪ್ಪಿತಪ್ಪಿನೂ ಬ್ಯಾಡ. ಜೀವಕ್ಕ ಕುತ್ತು. ವಾರಕ್ಕ ಒಂದ ಸಲ, ಇನ್ನ ಮ್ಯಾಲ ಮಂಗಳವಾರ. ದಿನಾಲೂ ತಗೊಳ್ಳೋ ಗುಳಿಗಿ ಸೋಮಾರ ಹಾಲು ಬಾಳಿಹಣ್ಣು ಆದ ಮ್ಯಾಲ ತಗೋರಿ. ರಕ್ತ ಪರೀಕ್ಷೆ ತಪ್ಪಿಸಬ್ಯಾಡ್ರಿ. ಮೂರು ತಿಂಗಳು ಕಾಯಬೇಕು."

"ಯುಗಾದಿಗೆ ರೊಟ್ಟಿ ಬಡೀತೀನೇನ್ರಿ?"

"ಅದನ್ನ ನಿಮ್ಮ ಡಬ್ಬೀನ ಕೇಳ್ರಿ," ಎಂದರು ಡಾಕ್ಟರು.

ಕೇಳಿಸಿಕೊಂಡಿರಾ? ದೊಡ್ಡ ಡಾಕ್ಟರು, ನನ್ನನ್ನು ಕೇಳಿ ಎಂದರು.

ಮಂಗಳವಾರಗಳು ಒಂದೂ ತಪ್ಪಲಿಲ್ಲ. ಸಂಕ್ರಾಂತಿಗೆ ಅವಳು ತಾನೇ ಹೆರಳು ಹಾಕಿಕೊಂಡಳು. ಶಿವರಾತ್ರಿ ಕಳೆದ ಮೇಲೆ ಮಾತ್ರೆಯ ಹಾಳೆಯನ್ನು ತಾನೇ ಒತ್ತಿ ಒಡೆದಳು. ಯುಗಾದಿಗೆ ನಾಲ್ಕು ದಿನವಿದ್ದಾಗ, ಬೆಳಿಗ್ಗೆ, ಅಡುಗೆಮನೆಯಿಂದ ಸದ್ದು ಬಂತು. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಆಮೇಲೆ ನಿಲ್ಲಲೇ ಇಲ್ಲ. ಮೊದಲ ರೊಟ್ಟಿ ಹುಣ್ಣಿಮೆಯ ಚಂದ್ರನಿಗಿಂತ ದೊಡ್ಡದಿತ್ತು. ಅಂಚು ಒಂದು ಕಡೆ ಸೀಳಿತ್ತು, ಚಂದ್ರನಿಗೂ ಕಲೆಯಿಲ್ಲವೇ?

ಚನ್ನವೀರಪ್ಪ ಮಷೀನಿನವನಿಗೆ ಫೋನ್ ಹಚ್ಚಿದ. "ಬ್ಯಾಡ್ರೀ. ನಮ್ಮ ಹಳೀ ಮಷೀನ್ ಚಾಲೂ ಆತು."

"ಯಾರಿಗೆ ಮಷೀನ್ ಅಂತೀರಿ?" ಒಳಗಿನಿಂದ ದನಿ ಬಂತು. "ಬರ್ರಿ ಒಳಗ, ನಿಮ್ಮ ಬೆನ್ನ ಮ್ಯಾಲ ನಾಕ ಬಡದ ತೋರಸ್ತೀನಿ."

ಈಗ ದಿನಕ್ಕೆ ಮೂವತ್ತು ರೊಟ್ಟಿ ಅವಳದು, ಉಳಿದದ್ದು ಶಶಿಕಲಾಳದು. ಸೋಮವಾರದ ಉಪವಾಸ ಬಿಟ್ಟಿಲ್ಲ, ಗುಳಿಗೆಯನ್ನೂ ಬಿಟ್ಟಿಲ್ಲ. ನಾನು ದೇವರ ಜಗಲಿಯ ಪಕ್ಕದ ಗೂಡಿನಲ್ಲಿದ್ದೇನೆ. ಹೊಳಪು ಹೋಗಿದೆ, ಒಂದು ಬಟ್ಟಲಿನ ಅರಿಸಿನದ ಕಲೆ ಎಷ್ಟು ತಿಕ್ಕಿದರೂ ಹೋಗಿಲ್ಲ. ತುಂಬಿದ ಡಬ್ಬಿಗಳು ಜಂಭಪಡುವುದನ್ನು ನೀವು ನೋಡಿರುತ್ತೀರಿ. ನನ್ನ ಜಂಭ ಬೇರೆ. ವಾರದ ಕೊನೆಗೆ ನೀಲಗಂಗವ್ವ ಮುಚ್ಚಳ ಸರಿಸಿ ಏಳೂ ಬಟ್ಟಲುಗಳಲ್ಲಿ ಬೆರಳಾಡಿಸುತ್ತಾಳೆ. ಏಳೂ ಖಾಲಿ.